ಉಲ್ಟಾ ಥ್ರೆಡ್

"ಆ ಸೈಕಲ್ ಫ್ರೇಮ್ ನಮ್ಮದು. ಮುಟ್ಟಬೇಡಿ."

ಕಬ್ಬಿಣ ಕಡೆಯುವ ಲೇತ್ ಯಂತ್ರದ ಸದ್ದಿನಲ್ಲಿ ಲೇತಿನವನಿಗೆ ಮೊದಲು ಕೇಳಿಸಲಿಲ್ಲ. ಯಂತ್ರ ಆರಿಸಿ ತಿರುಗಿದ. ಬಾಗಿಲಲ್ಲಿ ನಿಂತಿದ್ದವಳು ಬೀದಿಯ ಆ ತುದಿಯ ಸೈಕಲ್ ಅಂಗಡಿಯ ಮಗಳು. ಬೀದಿಯವರು ಅವಳನ್ನು ಸ್ಪ್ಯಾನರ್ ಎನ್ನುತ್ತಾರೆ. ಹಿಡಿದರೆ ಬಿಡುವವಳಲ್ಲವಲ್ಲ, ಅದಕ್ಕೆ! ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ನಿನ್ನೆ ಬೇರಿಂಗ್ ಬದಲಿಸಲೆಂದು ಅವಳ ಅಂಗಡಿಗೆ ಬಂದಿದ್ದ ನೀಲಿ ಫ್ರೇಮು ಅದು. ಬೆಳಗ್ಗೆ ನೋಡಿದರೆ ಕೊಕ್ಕೆ ಖಾಲಿ. ಗಿರಾಕಿ ಬಂದು ತೆಗೆದುಕೊಂಡು ಹೋದ ಎಂದು ಅಪ್ಪ ಹೇಳಿದ್ದರು.

ಗಿರಾಕಿ ಒಯ್ದದ್ದು ಇವನ ಬೆಂಚಿನ ಮೇಲೆ ಹೇಗೆ ಬಂತು? ಹಾಗೆ ಅಂಗಡಿಯಿಂದ ಮಾಯವಾಗುತ್ತಿರುವ ಫ್ರೇಮು ಇದೊಂದೇ ಅಲ್ಲವಲ್ಲ...

ಅವಳು ಒಳಗೇ ನುಗ್ಗಿ ಬಗ್ಗಿ ನೋಡಿದಳು. ಪೆಡಲಿನ ಅಚ್ಚು ಕೂರುವ ತೂತಿನಲ್ಲಿ, ಬಲಗಡೆ, ಬೇರಿಂಗಿನ ಬಟ್ಟಲನ್ನು, ಅಂದರೆ ಕಪ್ಪನ್ನು, ಹಿಡಿದುಕೊಳ್ಳುವ ತಿರುಪಿನ ಗೆರೆಗಳು, ಆ ಥ್ರೆಡ್ಡುಗಳೆಲ್ಲ, ನುಣ್ಣಗೆ ಸವೆದು ಹೋಗಿದ್ದವು. ಯಾರೋ ಬಲ ಹಾಕಿ ಕಿತ್ತ ಹಾಗಿತ್ತು. ನಿನ್ನೆ ಅವಳೇ ನೋಡಿದಾಗ ಅದು ಸರಿಯಾಗಿತ್ತು.

"ಯಾರು ತಂದುಕೊಟ್ರು?"

"ಹೇಳೋಕಾಗಲ್ಲ," ಎಂದ ಲೇತಿನವನು. "ಮಾತು ಕೊಟ್ಟಿದ್ದೀನಿ."

ಓಹೋ, ಮಾತು ಬೇರೆ! ಅವಳ ಪಿತ್ತ ನೆತ್ತಿಗೇರಿತು. ಅಪ್ಪನ ಕೈಗುಣವೊಂದೇ ಆ ಅಂಗಡಿಯ ಆಸ್ತಿ. ಅಲ್ಲಿಗೆ ಕೊಟ್ಟ ಫ್ರೇಮು ಕೆಡುತ್ತದೆ ಎಂಬ ಗುಸುಗುಸು ಹಬ್ಬಿದರೆ ಮುಗಿಯಿತು, ಅಪ್ಪ ತಲೆ ಎತ್ತಿ ಕೂರಲಾರರು. ಇವನು ಯಾರನ್ನೋ ಕಳಿಸಿ ಅಪ್ಪನಿಗೆ ಮಂಕುಬೂದಿ ಎರಚಿ, ತಾನೇ ಕೆಡಿಸಿ, ತಾನೇ ರಿಪೇರಿ ಮಾಡಿ ಗಿರಾಕಿಗಳನ್ನು ಎಳೆದುಕೊಳ್ಳುತ್ತಿದ್ದಾನೆ. ಲೆಕ್ಕ ಸರಿಹೋಯಿತು ಅಂದುಕೊಂಡಳು.

ಬಾಯಿಗೆ ಬಂದಂತೆ ಬೈದಳು. ಬೀದಿಯವರ ಮುಂದೆಲ್ಲ ನಿಲ್ಲಿಸುತ್ತೇನೆ ಎಂದಳು. ಅವನು ತಲೆ ತಗ್ಗಿಸಲಿಲ್ಲ. ಸಂಜೆಯೊಳಗೆ ಹೊಸ ಥ್ರೆಡ್ ಹಾಕಿಕೊಡುತ್ತೇನೆ ಎಂದಷ್ಟೇ ಹೇಳಿದ. ಕಳ್ಳನ ಕಣ್ಣು ಇಷ್ಟು ತಿಳಿಯಾಗಿರುತ್ತದೆಯೇ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೇ ತನ್ನ ಮೇಲೆ ಸಿಟ್ಟು ಬಂತು.

ಅಂದಿನಿಂದ ಅವಳು ಅಂಗಡಿ ಬಿಟ್ಟು ಕದಲಲಿಲ್ಲ. ಬಂದುಹೋಗುವವರನ್ನೆಲ್ಲ ಅನುಮಾನದಿಂದಲೇ ನೋಡಿದಳು. ಹಾಲಿನವನನ್ನೂ ಬಿಡಲಿಲ್ಲ, ಪಾಪ. ಲೇತಿನವನು ಬೀದಿಯಲ್ಲಿ ಹಾದುಹೋದರೆ ಎದೆ ಬಡಿದುಕೊಳ್ಳುತ್ತಿತ್ತು. ಅದು ಕೋಪಕ್ಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ಮಧ್ಯಾಹ್ನ ಒಳಕೋಣೆಯಿಂದ ಟ್ಯೂಬು ತರುತ್ತಿದ್ದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ಒಂದು ಫ್ರೇಮಿನ ಬಲಗಡೆ ಕಪ್ ಬಿಚ್ಚುತ್ತಿದ್ದರು. ಸ್ಪ್ಯಾನರಿನ ಹಿಡಿಗೆ ಉದ್ದ ಪೈಪು ತೂರಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸುತ್ತಿದ್ದರು... ಎಡಕ್ಕೆ!

ಬಲಗಡೆ ಕಪ್ಪಿನದು ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಕ್ಕೆ ತಿರುಗಿಸಿದಷ್ಟೂ ಬಿಗಿಯುತ್ತದೆ. ಅವಳು ಸ್ಪ್ಯಾನರ್ ಹಿಡಿದ ಮೊದಲ ದಿನ ಅಪ್ಪನೇ ಕಲಿಸಿದ ಪಾಠ ಅದು. ಅದೇ ಅಪ್ಪನಿಗೆ ಮರೆತುಹೋಗಿತ್ತು.

ಕಟ್ ಎಂದು ಸದ್ದಾಯಿತು. ಅಪ್ಪ ಬೆರಳು ತೂರಿಸಿ ಸವರಿ ನೋಡಿದರು. ಮುಖ ಬಿಳಿಚಿಕೊಂಡಿತು. ಸುತ್ತ ಒಮ್ಮೆ ನೋಡಿ, ಫ್ರೇಮನ್ನು ಗೋಣಿಚೀಲದಲ್ಲಿ ಸುತ್ತಿ, ಲೇತಿನ ಕಡೆ ಹೊರಟರು. ಕೂಗಿ ನಿಲ್ಲಿಸಲು ಬಾಯಿ ತೆರೆದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಸರಿದಳು. ಅಲ್ಲೇ ಟ್ಯೂಬುಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅಪ್ಪ ವಾಪಸು ಬಂದು ಮಲಗಿದ ಮೇಲೆ ಅವಳು ಲೇತಿಗೆ ಹೋದಳು. ಅವನು ಹಾಳಾದ ತೂತನ್ನು ಕೊರೆದು ಅಗಲಿಸಿ, ಒಳಗೆ ಕೂರಿಸಲು ಉಕ್ಕಿನ ಬಳೆಯೊಂದಕ್ಕೆ ಹೊಸ ಥ್ರೆಡ್ ಕೊರೆಯುತ್ತಿದ್ದ.

"ಅವತ್ತೇ ಯಾಕೆ ಹೇಳಲಿಲ್ಲ? ಅಷ್ಟೆಲ್ಲ ಬೈದೆ ನಾನು..."

ಅವನು ಯಂತ್ರ ಆರಿಸಿದ. "ಅವರು ನನ್ನ ಕೈ ಹಿಡ್ಕೊಂಡು ಕೇಳ್ಕೊಂಡ್ರು, ಮಗಳಿಗೆ ಗೊತ್ತಾಗಬಾರದು ಅಂತ. ನೀವು ನನ್ನನ್ನ ಕಳ್ಳ ಅಂದ್ಕೊಂಡ್ರೆ ನನಗೆ ಸಂಕಟ ಆಗುತ್ತೆ, ನಿಜ. ಆದರೆ ಅವರು ನಿಮ್ಮ ಮುಂದೆ ಸಣ್ಣವರಾಗೋದು ಬೇಡ ಅನ್ನಿಸ್ತು."

"ನಾನು ಏನಂದ್ಕೊಂಡ್ರೆ ನಿಮಗೇನು ಸಂಕಟ?"

ಅವನು ಬಳೆಯನ್ನು ಒರೆಸಿದ್ದೇ ಒರೆಸಿದ್ದು. ಕಿವಿ ಕೆಂಪಾಗಿತ್ತು. ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಇಷ್ಟು ದಿನ ಎದೆ ಬಡಿದುಕೊಂಡದ್ದು ಕೋಪಕ್ಕಲ್ಲ ಎಂದು ಈಗ ಒಪ್ಪಿಕೊಳ್ಳಲೇಬೇಕಾಯಿತು.

"ನನಗೆ ಗೊತ್ತಾಗಿದೆ ಅಂತ ಅಪ್ಪಂಗೆ ಹೇಳ್ಬೇಡಿ," ಎಂದಳು. "ಅವರು ಬೆಂಚಿನ ಹತ್ರ ಕೂತ್ಕೊಂಡೇ ಇರಲಿ. ಬಲಗಡೆ ಕಪ್ ಬಂದಾಗೆಲ್ಲ ನಾನು ಮೊದಲೇ ಬಿಚ್ಚಿಟ್ಟಿರ್ತೀನಿ. ತಪ್ಪಿ ಕೆಟ್ಟರೆ ನಿಮ್ಮ ಹತ್ರ ತರ್ತೀನಿ."

"ದಿನಾ ಲೇತಿಗೆ ಯಾಕೆ ಹೋಗ್ತೀಯ ಅಂತ ಅವರು ಕೇಳಿದ್ರೆ?"

"ಅವನನ್ನ ನೋಡೋಕೆ ಹೋಗ್ತೀನಿ ಅಂತೀನಿ."

ಅವನು ತಲೆ ಎತ್ತಿ ನೋಡಿದ. "ಅಪ್ಪನ ಹತ್ರ ಸುಳ್ಳು ಹೇಳ್ತೀರಾ?"

"ಇಲ್ಲ," ಎಂದಳು ಅವಳು, ಅವನ ಕೈಯಿಂದ ಬಳೆ ತೆಗೆದುಕೊಳ್ಳುತ್ತಾ. "ಅದೊಂದು ಮಾತ್ರ ನಿಜಾನೇ ಹೇಳ್ತೀನಿ."