ಗಾಳಿಯ ಮಾತೊಂದು ಬಿಟ್ಟು

ಫೋನ್ ರಿಂಗಾಗುವ ಮೊದಲೇ ಅವನ ಕೈ ಅದರ ಮೇಲಿತ್ತು. ಬೆಳಗಿನಿಂದ ಅವನು ಕೂತಲ್ಲಿ ಕೂತಿರಲಿಲ್ಲ. ಎದುರಿನ ಪರದೆಯ ಮೇಲೆ ದಕ್ಷಿಣ ಸಮುದ್ರದಲ್ಲೊಂದು ಬಿರುಗಾಳಿ ಸುತ್ತಿಕೊಳ್ಳುತ್ತಿತ್ತು. ಅದರ ದಾರಿಯಲ್ಲೇ, ಪುಟ್ಟ ಹಾಯಿದೋಣಿಯಲ್ಲಿ, ಅವಳೊಬ್ಬಳೇ ಇದ್ದಳು.

ಅವನು ಹವಾಮಾನ ಕಚೇರಿಯವನು. ಅವಳು ಎಲ್ಲೂ ದಡ ಮುಟ್ಟದೆ, ಯಾರ ಸಹಾಯವೂ ಇಲ್ಲದೆ, ಎಲ್ಲರಿಗಿಂತ ಬೇಗ ಭೂಮಿಯನ್ನು ಒಂದು ಸುತ್ತು ಹಾಕಲು ಹೊರಟವಳು. ಆಕಾಶ ನೋಡಿ ಅವಳೇ ಗಾಳಿ ಅಂದಾಜು ಮಾಡಬೇಕು. ಬೇರೆಯವರು ಗಾಳಿಯ ಬಗ್ಗೆ ಒಂದಕ್ಷರ ಹೇಳಿದರೂ ದಾಖಲೆ ರದ್ದು. ಅದಕ್ಕೇ ವಾರಕ್ಕೊಮ್ಮೆ ಬರುವ ಅವಳ ಫೋನನ್ನು ದಾಖಲೆ ಸಮಿತಿಯ ಹಿರಿಯರೊಬ್ಬರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಪ್ರೇಮಿಗಳ ಮಾತಿಗೆ ಕಿವಿ ಕೊಡಲು ಅವರಿಗೂ ಮುಜುಗರ. ಪಾಪ, ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದರು.

“ನೀನು ಬಾಯಿ ತಪ್ಪಿ ಹೇಳಿದ್ರೆ ದಾಖಲೆನೂ ಹೋಯ್ತು, ನಾನೂ ಹೋದೆ ಅಂದ್ಕೋ,” ಎಂದು ಹೊರಡುವ ದಿನ ಅವಳು ಬೆರಳು ತೋರಿಸಿ ಎಚ್ಚರಿಸಿದ್ದಳು. ಚಿಕ್ಕಂದಿನಿಂದ ಅವಳು ಕಂಡ ಕನಸು ಇದೊಂದೇ.

ಫೋನಿನಲ್ಲಿ ಪ್ರತಿ ಸಲ ಅವಳು ಕೇಳುತ್ತಿದ್ದುದೂ ಒಂದೇ. “ಬಂದ ಮೇಲೆ ನನ್ನ ಮದುವೆ ಆಗ್ತೀಯಾ?”

“ಆಗಬಹುದು,” ಎನ್ನುತ್ತಿದ್ದ ಅವನು. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಪ್ರೀತಿ ಇಲ್ಲವೆಂದಲ್ಲ, ಮಳೆ ಬರಬಹುದು, ಗಾಳಿ ಬೀಸಬಹುದು ಎಂದು ಹೇಳಿ ಹೇಳಿ ಅವನ ಬಾಯಿಗೆ ಅದೇ ರೂಢಿ. “ಊಟ ಆಯ್ತೇನೋ ಅಂದ್ರೂ ಆಗಿರೋ ಸಾಧ್ಯತೆ ಇದೆ ಅಂತಾನೆ,” ಎಂದು ಅವನ ಅಕ್ಕ ಮನೆಗೆ ಬಂದವರೆದುರಿಗೆಲ್ಲ ಅವನ ಮಾನ ಕಳೆಯುತ್ತಿದ್ದಳು.

ಫೋನ್ ಬಂತು.

“ಏನಪ್ಪಾ, ಇವತ್ತು ಉಸಿರು ಇಷ್ಟು ಜೋರಾಗಿದೆ?”

“ಮೆಟ್ಟಿಲು ಹತ್ತಿ ಬಂದೆ.” ಸುಳ್ಳು.

“ನಾನಿಲ್ಲಿ ತಲೆ ಬಾಚ್ಕೋತಿದೀನಿ. ನೋಡೋಕೆ ಒಂದು ನರಪಿಳ್ಳೆನೂ ಇಲ್ಲ, ಆದ್ರೂ ನಿನ್ನ ಜೊತೆ ಮಾತಾಡ್ಬೇಕಲ್ಲ.”

ಬೇರೆ ದಿನವಾಗಿದ್ದರೆ ಅವನು ಕರಗಿ ನೀರಾಗುತ್ತಿದ್ದ. ಇಂದು ‘ಉತ್ತರಕ್ಕೆ ತಿರುಗು’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದರೆ ಅವಳ ಕನಸು ಹೋಗುತ್ತದೆ, ಹೇಳದಿದ್ದರೆ ಅವಳೇ ಹೋಗಿಬಿಡಬಹುದು.

“ಸರಿ, ಹೇಳು. ಮದುವೆ ಆಗ್ತೀಯಾ?”

“ಆಗ್ತೀನಿ,” ಎಂದ. “ಖಂಡಿತ ಆಗ್ತೀನಿ. ನೀನು ಬಂದ್ರೆ ಸಾಕು.”

ಅವಳು ನಗಲಿಲ್ಲ. “ನಿನ್ನ ಬಾಯಲ್ಲಿ ಖಂಡಿತ ಅನ್ನೋದು ಬಂತಾ? ಅಷ್ಟು ಕೆಟ್ಟದಾಗಿದೆಯಾ?”

ಅವನು ತುಟಿ ಕಚ್ಚಿ ಹಿಡಿದ.

“ಬೇಡ, ಏನೂ ಹೇಳ್ಬೇಡ. ಇಡ್ತೀನಿ, ಕೆಲಸ ಇದೆ.”

ಅವನು ಹಿರಿಯರತ್ತ ತಿರುಗಿದ. “ಹೇಳಿಬಿಟ್ಟೆ ಅಲ್ವಾ ಸರ್? ಅವಳ ಕನಸಿಗೆ ನಾನೇ ಕಲ್ಲು ಹಾಕ್ದೆ.”

ಹಿರಿಯರು ಕನ್ನಡಕ ಒರೆಸಿಕೊಂಡರು. “ಗಾಳಿ ಬಗ್ಗೆ ನೀವೇನೂ ಹೇಳಿಲ್ಲಪ್ಪ. ಮದುವೆಗೆ ಒಪ್ಪಬಾರ್ದು ಅಂತ ನಮ್ಮ ನಿಯಮದಲ್ಲಿ ಎಲ್ಲೂ ಇಲ್ಲ.”

ಮುಂದಿನ ವಾರ ಫೋನ್ ಬರಲಿಲ್ಲ. ಅವನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಕಿಟಕಿಯಿಂದ ಬಾಗಿಲಿಗೆ ಓಡಾಡಿದ್ದೇ ಓಡಾಡಿದ್ದು. ಅಕ್ಕ ಚುಡಾಯಿಸುವುದನ್ನೇ ಬಿಟ್ಟಳು. ಅದರ ಮುಂದಿನ ವಾರ ಫೋನ್ ಬಡಿದುಕೊಂಡಾಗ ಅವನು ಎತ್ತಿ ಕಿವಿಗೊತ್ತಿಕೊಂಡ.

“ಬದುಕಿದೀನಿ ಕಣೋ,” ಎಂದಳು ಅವಳು. “ಉತ್ತರಕ್ಕೆ ಬಂದೆ, ಬಿರುಗಾಳಿಯ ಅಂಚು ಮಾತ್ರ ಬಡೀತು. ಫೋನ್ ಒದ್ದೆಯಾಗಿತ್ತು ಅಷ್ಟೇ. ಅಳ್ತಿದೀಯಾ?”

“ಇರಬಹುದು.”

ಹಿರಿಯರು ಕಿಟಕಿಯ ಕಡೆ ಇನ್ನಷ್ಟು ತಿರುಗಿಕೊಂಡರು.

ದಾಖಲೆ ಮುರಿದು ಅವಳು ದಡ ಸೇರಿದ ದಿನ ಬಂದರಿನ ತುಂಬ ಜನ. ನೆಲದ ಮೇಲೆ ಕಾಲು ನಿಲ್ಲದೆ ಅವಳು ಅವನ ತೋಳು ಹಿಡಿದಳು. ತುಟಿ ಒಡೆದಿತ್ತು, ಮುಖ ಬಿಸಿಲಿಗೆ ಬೆಂದಿತ್ತು, ಕಣ್ಣಿನ ತುಂಟತನ ಮಾತ್ರ ಹಾಗೇ ಇತ್ತು.

“ಅವತ್ತು ಹೆದರಿ ಒಪ್ಕೊಂಡೆ ತಾನೆ?”

“ಹೌದು.”

“ಹಾಗಾದ್ರೆ ಅದು ಲೆಕ್ಕಕ್ಕಿಲ್ಲ. ಈಗ ಆಕಾಶ ನೋಡಿ ಹೇಳು.”

ಅವನು ತಲೆ ಎತ್ತಿದ. ಒಂದು ತುಂಡು ಮೋಡವೂ ಇರಲಿಲ್ಲ. ಹೆದರಲು ಏನೂ ಉಳಿದಿರಲಿಲ್ಲ.

“ಮದುವೆ ಆಗ್ತೀಯಾ?”

“ಖಂಡಿತ,” ಎಂದ ಅವನು.