ನೀಲಿ ಅಂಚಿನ ಲೋಟ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದರು. ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ತಲೆ ಬಾಚಿಕೊಂಡು, ಎಂದಿನ ಬಸ್ಸು ಹತ್ತಿ ಲ್ಯಾಬಿಗೆ ಬಂದಳು.

ಮನೆಯಲ್ಲಿ ಕೂತು ಮಾಡುವುದಾದರೂ ಏನು?

ಮೈಕ್ರೋವೇವ್ ಒವನ್ನಿನ ಬಾಗಿಲು ತೆಗೆದಳು. ಒಳಗೆ, ಗಾಜಿನ ತಟ್ಟೆಯ ಒಂದು ಬದಿಗೆ, ನೀಲಿ ಅಂಚಿನ ಲೋಟ. ಅದರಲ್ಲಿ ತುಸು ಇಳಿದ ನೀರು.

ಅವಳ ಕೈ ಬಾಗಿಲ ಮೇಲೇ ನಿಂತಿತು.

"ಅಯ್ಯೋ, ಚೆಲ್ಲಿಬಿಟ್ರಾ?!"

ವರ್ಷಗಳ ಹಿಂದೆ ಇದೇ ಜಾಗದಲ್ಲಿ ನಿಂತು ಅವನು ಕೂಗಿದ್ದ. ಅವಳಾಗ ಲ್ಯಾಬಿಗೆ ಹೊಸಬಳು. ಯಾರೋ ಮರೆತು ಹೋದ ನೀರೆಂದು ಇದೇ ಲೋಟವನ್ನು ಸಿಂಕಿಗೆ ಸುರಿದು, ಖಾಲಿ ಲೋಟ ಒಳಗಿಟ್ಟಿದ್ದಳು. ಅವನು ನೋಡದೆ ಪಕ್ಕದಲ್ಲಿ ತನ್ನ ದ್ರಾವಣವಿಟ್ಟು ಬಟನ್ ಒತ್ತಿದ್ದ. ಸತುವಿನ ದ್ರಾವಣ ಉಕ್ಕಿ, ಒವನ್ ತುಂಬ ಬಿಳಿ ಗಂಜಿ!

"ಕುಡಿಯೋ ನೀರು ಅಂದ್ಕೊಂಡೆ..."

"ಒವನ್ ಒಳಗೆ ಯಾರ್ರೀ ಕುಡಿಯೋ ನೀರಿಡ್ತಾರೆ?"

"ಲ್ಯಾಬಲ್ಲಿ ಯಾರ್ರೀ ಮನೆ ಲೋಟ ಇಡ್ತಾರೆ?"

ಅವನು ಬೈಯಲು ತೆರೆದ ಬಾಯಲ್ಲೇ ನಕ್ಕುಬಿಟ್ಟಿದ್ದ.

"ನೀರಿದ್ರೆ ಅರ್ಧ ಬಿಸಿ ಅದಕ್ಕೆ ಹೋಗುತ್ತೆ ಮೇಡಂ. ದ್ರಾವಣ ಉಕ್ಕಲ್ಲ, ಹದವಾಗಿ ಕಾಯುತ್ತೆ. ಆಮೇಲೆ ಆ ಪುಡೀನ ಮೈಕ್ರೋಸ್ಕೋಪಲ್ಲಿ ನೋಡಿ... ಹೂವು! ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹೂವು!"

ಬೀಕರ್‌ಗಳೆಲ್ಲ ತೊಳೆಯಲು ಹೋಗಿದ್ದ ದಿನ ಅವನು ತನ್ನ ಅಕ್ಕನ ಮನೆಯಿಂದ ಎರವಲು ತಂದ ಲೋಟವದು. ಬೀಕರ್ ಸಿಕ್ಕ ಮೇಲೂ ಬಿಡಲಿಲ್ಲ. ಅಕ್ಕನ ಲೋಟ ಇಟ್ಟರೇನೇ ಹೂವು ಬರುವುದಂತೆ! ಇಂಥ ವಿಜ್ಞಾನಿಯನ್ನು ಅವಳು ಮದುವೆಯಾದಳು.

ಈಚೆಗೆ ಹೊಸ ಒವನ್ ಬಂತು. ಅವಳ ಪುಡಿ ಕೈಕೊಟ್ಟಿತು. ಒಂದು ಸಲ ಹೂವು, ಇನ್ನೊಂದು ಸಲ ಬರೀ ಗಂಟು. ಅವಳ ಪಿಎಚ್‌ಡಿ ಅಲ್ಲಿಗೇ ನಿಂತಿತು.

ಆ ಕೊನೆಯ ದಿನ ಬೆಳಿಗ್ಗೆ ಅವನು ಶೂ ಕಟ್ಟಿಕೊಳ್ಳುತ್ತಾ ಕೇಳಿದ.

"ನೀರಿಡ್ತಿದ್ಯಾ?"

"ಹೊಸ ಒವನ್ನಲ್ಲಿ ಪವರ್ ಕಮ್ಮಿ ಮಾಡೋ ಬಟನ್ನೇ ಇದೆ."

"ಅದು ಕಮ್ಮಿ ಮಾಡಲ್ಲ ಕಣೇ. ಸ್ವಲ್ಪ ಹೊತ್ತು ಆನ್, ಸ್ವಲ್ಪ ಹೊತ್ತು ಆಫ್, ಅಷ್ಟೇ. ಆನ್ ಆದಾಗ ಪೂರ್ತಿ ಜೋರು. ಲೋಟ ಇಡು."

ಇನ್ನೂ ನನ್ನನ್ನ ಆ ಹೊಸಬಳು ಅಂತಲೇ ತಿಳ್ಕೊಂಡಿದ್ದಾನೆ...

"ನಂಗೆ ಪಾಠ ಹೇಳೋಕೆ ಬರ್ಬೇಡ!"

ಅದೇ ಕೊನೆಯ ಮಾತು. ಲ್ಯಾಬಿನಲ್ಲಿ ಎದುರಾದಾಗಲೂ ಮುಖ ತಿರುಗಿಸಿದಳು. ಸಂಜೆ ಅವನಿಗಾಗಿ ಕಾಯದೆ ಹೊರಟಳು. ಆಮೇಲೆ ಒಬ್ಬನೇ ಬರುತ್ತಿದ್ದ ಅವನು ರಸ್ತೆ ದಾಟುವಾಗ, ಒಂದು ಲಾರಿ...

ಜತೆಗೇ ಹೊರಟಿದ್ದರೆ?

ಮರುದಿನದಿಂದ ಒಂದು ವಾರ ಒವನ್ ಸರದಿ ಅವಳದಿತ್ತು. ಅದಕ್ಕೇ ಅವನು ಹೊರಡುವ ಮುಂಚೆ ಲೋಟಕ್ಕೆ ನೀರು ತುಂಬಿ, ತಾನೇ ಒಳಗಿಟ್ಟು ಹೋಗಿದ್ದ. ಅವಳ ಸರದಿಯೆಂದು ಯಾರೂ ಬಾಗಿಲು ತೆಗೆದಿರಲಿಲ್ಲ.

ಅವಳಿಗೆ ಅಳು ಬರಲಿಲ್ಲ. ಅವನು ತುಂಬಿದ ನೀರಿನ ಮೇಲೆ, ಆರಿಹೋದಷ್ಟನ್ನು ಸುರಿದಳು. ಪಕ್ಕದಲ್ಲಿ ದ್ರಾವಣ ಇಟ್ಟು ಬಟನ್ ಒತ್ತಿದಳು.

ಉಕ್ಕಲಿಲ್ಲ.

ಪುಡಿ ತೊಳೆದು, ಒಣಗಿಸಿ ಕೊಟ್ಟಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನೋಡಿಕೊಳ್ಳುವ ಹಿರಿಯರು ಪರದೆಯನ್ನು ಅವಳ ಕಡೆ ತಿರುಗಿಸಿದರು.

"ನೋಡಮ್ಮಾ, ಹೂದೋಟಾನೇ ಇದೆ."

ಇನ್ನೊಂದು ಸಲ ಮಾಡಿದಳು, ಲೋಟದ ಬದಲು ಬೀಕರಿನಲ್ಲಿ ನೀರಿಟ್ಟು. ಮತ್ತೆ ಹೂವು.

ಅವತ್ತು ಲೋಟ ತೊಳೆದು, ಪೇಪರಿನಲ್ಲಿ ಸುತ್ತಿ, ಅವನ ಅಕ್ಕನ ಮನೆಗೆ ಹೋದಳು.

"ಅಕ್ಕಾ, ನಿಮ್ಮ ಲೋಟ. ಇದರಲ್ಲಿ ಇನ್ನು ಕುಡಿಯೋ ಹಾಗಿಲ್ಲ. ಆದ್ರೂ ನಿಮ್ದು..."

ಅಕ್ಕ ಪೇಪರು ಬಿಚ್ಚಿದಳು. ಲೋಟವನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ಬಂದಾಗೆಲ್ಲ ಬೈತಿದ್ದೆ. ನನ್ನ ಸೆಟ್ ಹಾಳು ಮಾಡಿದ್ಯಲ್ಲೋ ಕತ್ತೆ, ಅಂತ... ನಿಂಗೆ ಬೇಡ್ವೇನೇ ಇದು?"

"ಬೀಕರ್ ಇಟ್ರೂ ಬರುತ್ತೆ ಅಕ್ಕಾ. ಹೇಳಿದ್ರೆ ಅವನು ನಂಬ್ತಿರಲಿಲ್ಲ."

ಇಬ್ಬರಿಗೂ ನಗು ಬಂತು. ಬಂದಷ್ಟೇ ಬೇಗ ಹೋಯಿತು.

"ಅವತ್ತು ನಾನು ಅವನ ಹತ್ರ ಮಾತೇ ಆಡಿರಲಿಲ್ಲ ಅಕ್ಕಾ..."

"ಗೊತ್ತು. ಲ್ಯಾಬಿಂದ ಹೊರಡೋ ಮುಂಚೆ ಫೋನ್ ಮಾಡಿದ್ದ."

ಅವಳು ತಲೆಯೆತ್ತಿದಳು. "ಏನಂದ?"

"ಮುನಿಸ್ಕೊಂಡಿದ್ದಾಳೆ, ನಾಳೆ ಪುಡಿ ಚೆನ್ನಾಗಿ ಬಂದ್ರೆ ತಾನಾಗೇ ಮಾತಾಡ್ತಾಳೆ ಬಿಡು, ಅಂತ ನಗ್ತಿದ್ದ."

ಅವಳು ಲೋಟದ ಕಡೆ ನೋಡಿದಳು.

"ಬಂತೇನಮ್ಮಾ?" ಅಕ್ಕ ಮೆಲ್ಲಗೆ ಕೇಳಿದಳು.

ಅವಳು ಹೌದೆಂದು ತಲೆಯಾಡಿಸಿದಳು.

ಅಕ್ಕ ಲೋಟವನ್ನು ಮೇಜಿನ ಮೇಲೆ, ಅವಳೆದುರಿಗೆ ಇಟ್ಟಳು. ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅವಳು ನೀಲಿ ಅಂಚಿನ ಮೇಲೆ ಬೆರಳಿಟ್ಟಳು.

"ಚೆನ್ನಾಗಿ ಬಂತು ಕಣೋ," ಅಂದಳು.