ತುಂಬಿದ ಸೀಡಿಗಳಷ್ಟೇ ಕೆಟ್ಟವು

ಆಷಾಢದ ಗಾಳಿ ಜೋರಾಗಿದ್ದ ಒಂದು ಸೋಮವಾರ, ಮಧ್ಯಾಹ್ನದ ಊಟದ ಹೊತ್ತು. ಶಿವಾಜಿನಗರದ ಜೆರಾಕ್ಸ್ ಅಂಗಡಿಯ ಖಾದರ್ ಜೋಗುಪಾಳ್ಯದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಮೇಲೆ ಪತ್ತೇದಾರಿ ಪ್ರಿಯದರ್ಶಿನಿಯ ಕಚೇರಿ. ಬಾಗಿಲಲ್ಲಿ ಹುಲಿಗೆಪ್ಪ ಕೂತಿದ್ದ. ಅವಳ ಗಾಡಿ ಓಡಿಸುವವನೂ ಅವನೇ, ಅವಳ ಕೇಸುಗಳನ್ನೆಲ್ಲ ನೆನಪಿಟ್ಟವನೂ ಅವನೇ.

"ಮೇಡಂ, ನನ್ನ ಅಂಗಡೀಲೇ ಕಳ್ಳ ಇದಾನೆ," ಎಂದ ಖಾದರ್. "ಕೆಲಸದ ಆದಿಲ್. ಗಿರಾಕಿಯ ಒಳ್ಳೆ ಸೀಡಿ ಎತ್ತಿಟ್ಕೊಂಡು ರದ್ದಿ ಸೀಡಿ ಹಾಕ್ತಾನೆ. ಅವನ ಮಾವನ ಮನೆಗೂ ಫೋನ್ ಮಾಡಿ ಹೇಳ್ಬಿಟ್ಟೆ."

"ನಿಜ ಗೊತ್ತಾಗೋಕೆ ಮುಂಚೇನೇ?" ಎಂದಳು ಪ್ರಿಯದರ್ಶಿನಿ.

ಖಾದರ್ ಟೊಪ್ಪಿ ಸರಿಮಾಡಿಕೊಂಡ.

ಮೂವರೂ ಅಂಗಡಿಗೆ ಬಂದಾಗ ಆ ಗಿರಾಕಿ ಮಾನಮ್ಮ ಕಾಯುತ್ತಿದ್ದಳು. ಲಿಂಗಸುಗೂರು ಕಡೆಯವಳು, ಬೈಯಪ್ಪನಹಳ್ಳಿಯಲ್ಲಿ ಬಾಡಿಗೆಗಿದ್ದವಳು. ಮನೆಯ ಮಾಲೀಕ ಅವಳ ಸಾಮಾನು ಬೀದಿಗೆ ಎಸೆದದ್ದು ಎದುರು ಮನೆಯ ಕ್ಯಾಮೆರಾದಲ್ಲಿ ಸಿಕ್ಕಿತ್ತು. ಒಂದು ಚೂರೂ ಕತ್ತರಿಸದೆ ಸೀಡಿಗೆ ಹಾಕಿಸಿ ತಾ ಎಂದಿದ್ದರು ವಕೀಲರು. ಆ ರೆಕಾರ್ಡಿಂಗ್ ಸೀಡಿಯ ತುಂಬ, ಇನ್ನು ಎಳ್ಳಷ್ಟೂ ಹಿಡಿಯದ ಹಾಗೆ ಕೂರುತ್ತಿತ್ತು.

"ನಾಳೆ ಕೋರ್ಟ್ ಐತ್ರಿ. ಈ ಮನಷ್ಯಾ ನನ್ನ ಸೀಡಿ ನುಂಗ್ಯಾನ್ರಿ!"

"ನುಂಗೋಕೆ ಅದೇನು ಹೋಳಿಗೇನಮ್ಮಾ?" ಆದಿಲ್ ಸಿಡುಕಿದ. "ನಿಧಾನಕ್ಕೆ ಬರ್ದೆ, ಬೇರೆ ಕಂಪ್ಯೂಟರಲ್ಲೂ ಬರ್ದೆ. ಪ್ರತಿ ಸಲ ಇನ್ನೇನು ಮುಗೀತು ಅನ್ನೋವಾಗ ನಿಂತ್ಬಿಡುತ್ತೆ ಮೇಡಂ. ತಲೆ ಚಚ್ಕೊಳ್ಳೋ ಹಾಗಾಗುತ್ತೆ."

"ಇದೇ ಸೀಡಿಗಳಲ್ಲಿ ಯಾವುದೂ ಸರಿಹೋಗ್ಲಿಲ್ವಾ?"

"ಈಯಮ್ಮನ ಫೋಟೋಗಳನ್ನ ಹಾಕಿದ ಸೀಡಿ ಸರಿ ಇದೆ. ಅರ್ಧಾನೂ ತುಂಬ್ಲಿಲ್ಲ ಅದು."

ಖಾಲಿ ಸೀಡಿಗಳನ್ನು ಮಾನಮ್ಮ ತಾನೇ ಕೊಂಡು ತಂದಿದ್ದಳು. ಹೊಸ ರವಿಕೆ ಬಟ್ಟೆಯಲ್ಲಿ ಕಟ್ಟಿ, ಗಂಟನ್ನು ಮಡಿಲಲ್ಲೇ ಇಟ್ಟುಕೊಂಡು, ಒಂದೊಂದಾಗಿ ಕೊಡುತ್ತಿದ್ದಳು. ಗಂಟು ಬಿಚ್ಚಿದಾಗ ಹುಲಿಗೆಪ್ಪನ ಮೂಗಿಗೆ ಕರ್ಪೂರದ ವಾಸನೆ ಬಡಿಯಿತು. ಅದರಲ್ಲೇನಿದೆ ಎಂದುಕೊಂಡ.

ಪ್ರಿಯದರ್ಶಿನಿ ಗಂಟಿನೊಳಗಿನ ಒಂದು ಸೀಡಿಯನ್ನು ಬೆಳಕಿಗೆ ಹಿಡಿದು ಓರೆಮಾಡಿದಳು. ಆಮೇಲೆ ಹುಲಿಗೆಪ್ಪನನ್ನು ಕಳಿಸಿ ಪಕ್ಕದ ಬೀದಿಯಿಂದ ಹೊಸದೊಂದು ತರಿಸಿದಳು. ಆದಿಲ್ ಅದೇ ರೆಕಾರ್ಡಿಂಗನ್ನು ಅದಕ್ಕೆ ಬರೆದ. ಕೊನೆಯವರೆಗೂ ಹೋಯಿತು, ಹಾಕಿ ನೋಡಿದರೆ ಪೂರ್ತಿ ಓಡಿತು.

"ಅದೇ ಮಷೀನು, ಅದೇ ಕೈ, ಅಷ್ಟೇ ತುಂಬಿದ ಸೀಡಿ," ಎಂದಳು ಪ್ರಿಯದರ್ಶಿನಿ. "ಈಗ ಗಂಟಿನ ಸೀಡಿ ನೋಡಿ. ಆದಿಲ್ ಇದನ್ನ ಮುಟ್ಟೇ ಇಲ್ಲ. ಆದ್ರೂ ಅಂಚಿಗೆ ಜಿಡ್ಡು ಮೆತ್ಕೊಂಡಿದೆ. ಮಷೀನು ನಡುವಿಂದ ಶುರುಮಾಡಿ ಅಂಚಿನ ಕಡೆಗೆ ಬರೀತಾ ಬರುತ್ತೆ. ಫೋಟೋಗಳು ಅಂಚಿನ ತನಕ ಬರ್ಲಿಲ್ಲ, ಬಚಾವಾದ್ವು. ರೆಕಾರ್ಡಿಂಗ್ ಬಂತು, ಜಿಡ್ಡಿಗೆ ಸಿಕ್ಕಿ ಕೆಡ್ತು. ಕರ್ಪೂರದ ವಾಸನೆ ಬೇರೆ. ಮಾನಮ್ಮಾ, ಪೂಜೆ ಮಾಡಿದ್ರಾ?"

"ಮಾಡೀನ್ರಿ," ಎಂದಳು ಮಾನಮ್ಮ, ದನಿ ಇಳಿಸಿ. "ಕೋರ್ಟಿಗೆ ಹೋಗೂ ಸಾಮಾನು, ಹಂಗ ಹ್ಯಾಂಗ ಕಳಸೂದು? ಎಣ್ಯಾಗ ಕಲಸಿದ ಕುಂಕುಮ ಹಚ್ಚಿ, ಆಮ್ಯಾಲ ಒರಸೀನಿ. ನಡುವ ಕನ್ನಡಿ ಹಂಗ ಹೊಳೀತಿತ್ತು. ಅದನ್ನ ಕೆಡಸಬಾರದಂತ ಅಂಚಿಗಷ್ಟ ಹಚ್ಚೀನ್ರಿ."

"ಅರೆ, ಇಷ್ಟೇನಾ!" ಖಾದರ್ ಜೋರಾಗಿ ನಕ್ಕ. "ಹೋಗು ಆದಿಲ್, ಎಲ್ರಿಗೂ ಚಾಯ್ ಹೇಳು."

ಆದಿಲ್ ಕದಲಲಿಲ್ಲ. "ನಮ್ಮ ಮಾವನ ಮನೇಗೆ ಯಾರು ಹೇಳ್ತಾರೆ?"

"ಹೇಳ್ತೀನಪ್ಪಾ. ಓಡಿಹೋಗುತ್ತಾ ಫೋನು?"

ಖಾದರನ ಕೈ ಫೋನಿನ ಕಡೆ ಹೋಗುತ್ತದೇನೋ ಎಂದು ಹುಲಿಗೆಪ್ಪ ಚಹಾ ಆರುವವರೆಗೂ ನೋಡಿದ. ಹೋಗಲಿಲ್ಲ.

ಮಂಗಳವಾರ ಮಾನಮ್ಮ ಸೀಡಿ ಹಿಡಿದು ಕೋರ್ಟಿಗೆ ಹೋದಳು. ಬುಧವಾರವೂ ಕಳೆಯಿತು, ಗುರುವಾರವೂ ಕಳೆಯಿತು, ಖಾದರ್ ಫೋನ್ ಮಾಡಲಿಲ್ಲ. ಶುಕ್ರವಾರ ನಮಾಜಿಗೆಂದು ಅಂಗಡಿಯಿಂದ ಎದ್ದ ಆದಿಲ್, ಅತ್ತಲಿಂದತ್ತಲೇ ಹೊರಟುಹೋದ; ಮತ್ತೆ ಕೆಲಸಕ್ಕೆ ಬರಲಿಲ್ಲ.